ವಿಶ್ವವಿದ್ಯಾನಿಲಯದ ಬಾಗಿಲೂ ಬಿಡಾರದ ಬಾಗಿಲೂ

ಮುಂಗಾರು ಹಿಡಿದು ರಾಗಿಯ ಹೊಲಗಳು ಹದಕ್ಕೆ ಬರುವ ದಿನಗಳಲ್ಲಿ, ಗುಬ್ಬಿ ತಾಲ್ಲೂಕಿನ ಸಿ. ಎಸ್. ಪುರದಲ್ಲಿ ಬೆಳಗಿನ ಹೊತ್ತು ಬಸ್ಸಿಗಾಗಿ ಕಾದು ನಿಂತವರನ್ನು ನಮ್ಮ ವಾಚಕರು ಒಮ್ಮೆ ನೋಡಬೇಕು. ಸಂತೆಗೆ ಹೊರಟವರು, ತಾಲ್ಲೂಕು ಕಚೇರಿಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಇವರೆಲ್ಲರ ನಡುವೆ ಹದಿನೆಂಟು ಇಪ್ಪತ್ತು ವರ್ಷದ ಕೆಲವು ಮಕ್ಕಳಿರುತ್ತಾರೆ. ಕೈಯಲ್ಲೊಂದು ಬಟ್ಟೆಯ ಚೀಲ. ಮಳೆಯ ಹನಿ ತಾಕದಂತೆ ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟ ಅಂಕಪಟ್ಟಿಗಳು. ಪಕ್ಕದಲ್ಲಿ, ಮಗನನ್ನೋ ಮಗಳನ್ನೋ ಬಸ್ಸು ಹತ್ತಿಸಲು ಬಂದ ತಂದೆ. ಇವರು ಗುಬ್ಬಿಗೆ ಬಂದು, ಅಲ್ಲಿಂದ ತುಮಕೂರಿಗೆ ಹೋಗತಕ್ಕವರು. ಇವರಲ್ಲಿ ಕೆಲವರು ಇನ್ನೂ ಎಪ್ಪತ್ತು ಕಿಲೋಮೀಟರು ಮುಂದಕ್ಕೆ, ಬೆಂಗಳೂರಿಗೆ ಹೋಗತಕ್ಕವರು. ನಾಡಿನ ವಿಶ್ವವಿದ್ಯಾನಿಲಯಗಳ ವಾರ್ಷಿಕ ವರದಿಗಳಲ್ಲಿ ‘ವಿದ್ಯಾರ್ಥಿಗಳ ಸಂಖ್ಯೆ’ ಎಂದು ಅಚ್ಚಾಗುವ ಅಂಕಿಯ ಮೂಲವು ಇಂಥ ಬಸ್ಸು ನಿಲ್ದಾಣಗಳಲ್ಲಿದೆ ಎಂಬುದನ್ನು ನಾವು ಮರೆಯತಕ್ಕದ್ದಲ್ಲ.

ಈ ಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಇಂದು ತೆರೆದಿದೆ. ಇದರಲ್ಲಿ ಸಂದೇಹವಿಲ್ಲ, ಇದಕ್ಕಾಗಿ ನಾವು ಹೆಮ್ಮೆಪಡುವುದೂ ನ್ಯಾಯವೇ. ಆದರೆ ವಿದ್ಯಾರ್ಥಿಯಾದವನು ದಾಟಬೇಕಾದ ಬಾಗಿಲುಗಳು ಎರಡು. ಒಂದು ಪಾಠಶಾಲೆಯದು; ಇನ್ನೊಂದು, ರಾತ್ರಿ ತಲೆಯಿಟ್ಟು ಮಲಗುವ ಬಿಡಾರದ್ದು. ಮೊದಲನೆಯದನ್ನು ತೆರೆದು ಎರಡನೆಯದನ್ನು ಮುಚ್ಚಿಟ್ಟರೆ, ತೆರೆದದ್ದೂ ಮುಚ್ಚಿದಂತೆಯೇ ಆಯಿತು. ಈ ಎರಡನೆಯ ಬಾಗಿಲಿನ ವಿಚಾರವನ್ನು ಪೌರ ಮಹಾಶಯರ ಮತ್ತು ಅಧಿಕಾರಿ ವರ್ಗದವರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಸಂಖ್ಯೆಯ ಬೆಳವಣಿಗೆ

ನಮ್ಮ ನಾಡಿನಲ್ಲಿ ಉಚ್ಚ ವಿದ್ಯೆಯು ಹಬ್ಬಿದ ಬಗೆಯನ್ನು ಮೊದಲು ಸಂಕ್ಷೇಪವಾಗಿ ನೆನೆಯೋಣ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ, ಎಚ್. ವಿ. ನಂಜುಂಡಯ್ಯನವರ ಪ್ರಥಮ ಉಪಕುಲಪತಿತ್ವ. ಅದಕ್ಕೆ ಮುಂಚೆ ನಮ್ಮ ಹುಡುಗರು ಮದರಾಸಿನ ಪರೀಕ್ಷೆಗಳಿಗೆ ಕೂರಬೇಕಾಗಿದ್ದಿತು. ಬ್ರಿಟಿಷ್ ಆಡಳಿತಕ್ಕೆ ನೇರವಾಗಿ ಸೇರದ ಒಂದು ಸಂಸ್ಥಾನವು ತನ್ನದೇ ವಿಶ್ವವಿದ್ಯಾನಿಲಯವನ್ನು ಕಟ್ಟಿಕೊಂಡದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಈ ಎರಡು ಕಂಬಗಳ ಮೇಲೆ ಆ ಕಟ್ಟಡವು ನಿಂತಿತು.

1964ರ ಜುಲೈ 10ರಂದು ಬೆಂಗಳೂರು ವಿಶ್ವವಿದ್ಯಾನಿಲಯವು ಪ್ರತ್ಯೇಕವಾಯಿತು. ಆಗ ಅದರ ಅಧೀನದಲ್ಲಿದ್ದ ಕಾಲೇಜುಗಳು 32. ವಿದ್ಯಾರ್ಥಿಗಳು 16 ಸಾವಿರಕ್ಕೂ ಮೇಲ್ಪಟ್ಟವರು. 1973ರಲ್ಲಿ ನಗರದ ಪಶ್ಚಿಮಕ್ಕೆ ಸಾವಿರದ ನೂರು ಎಕರೆಯಷ್ಟು ವಿಶಾಲವಾದ ಜ್ಞಾನಭಾರತಿ ಆವರಣಕ್ಕೆ ಅದು ಹೋಯಿತು. ಬಹುಕಾಲ ನಮ್ಮ ತುಮಕೂರು ಜಿಲ್ಲೆಯ ಕಾಲೇಜುಗಳೂ ಅದಕ್ಕೇ ಸೇರಿದ್ದವು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಹುಟ್ಟಿ ಜಿಲ್ಲೆಗೆ ತನ್ನದೇ ಆದ ವಿದ್ಯಾಪೀಠವೊಂದು ದೊರೆಯಿತು. ಬೆಂಗಳೂರಿನದು ಮಾತ್ರ ಬೆಳೆಯುತ್ತಲೇ ಹೋಗಿ, ಆರು ನೂರಕ್ಕೂ ಮಿಗಿಲಾದ ಕಾಲೇಜುಗಳ ಭಾರವನ್ನು ಹೊರಲಾರದೆ, 2017ರಲ್ಲಿ ಮೂರಾಗಿ ಒಡೆಯಿತು. ಸೆಂಟ್ರಲ್ ಕಾಲೇಜಿನ ಹಳೆಯ ಆವರಣದಲ್ಲಿ ಒಂದು, ಕೋಲಾರದ ಟಮಕದಲ್ಲಿ ಒಂದು, ಜ್ಞಾನಭಾರತಿಯಲ್ಲಿ ಮೂಲದ್ದು.

ಇನ್ನು ಒಟ್ಟು ನಾಡಿನ ಲೆಕ್ಕ. ಕೇಂದ್ರ ಸರ್ಕಾರದವರು ನಡೆಸಿದ 2021-22ರ ಅಖಿಲ ಭಾರತ ಉಚ್ಚ ಶಿಕ್ಷಣ ಸಮೀಕ್ಷೆಯಂತೆ, ಹದಿನೆಂಟರಿಂದ ಇಪ್ಪತ್ತಮೂರು ವಯಸ್ಸಿನವರಲ್ಲಿ ಉಚ್ಚ ವಿದ್ಯೆಗೆ ದಾಖಲಾದವರ ಪ್ರಮಾಣವು ಭಾರತದಲ್ಲಿ ನೂರಕ್ಕೆ 28.4 ಇದ್ದರೆ, ಕರ್ನಾಟಕದಲ್ಲಿ 36.2. ಹೆಣ್ಣುಮಕ್ಕಳ ಪ್ರಮಾಣವೂ ಗಂಡುಮಕ್ಕಳದಕ್ಕಿಂತ ಕೆಳಗಿಲ್ಲ. ದೇಶದ ಎಲ್ಲ ಜಿಲ್ಲೆಗಳ ಪೈಕಿ ಅತ್ಯಧಿಕ ಕಾಲೇಜುಗಳುಳ್ಳದ್ದು ಬೆಂಗಳೂರು ನಗರ ಜಿಲ್ಲೆ. ಅದೇ ಸಮೀಕ್ಷೆಯಲ್ಲಿ ಅವುಗಳ ಸಂಖ್ಯೆ 1,106. ನೂರು ವರ್ಷಗಳ ಹಿಂದೆ ಎರಡು ಕಾಲೇಜುಗಳಿಂದ ಆರಂಭಿಸಿದ ನಾಡಿಗೆ ಇದು ಅಲ್ಪ ಸಾಧನೆಯೇ? ಖಂಡಿತವಾಗಿಯೂ ಅಲ್ಲ.

ಆದರೆ ಅಂಕಿಗಳಿಗೆ ಒಂದು ಸ್ವಭಾವವುಂಟು. ಕೇಳಿದ ಪ್ರಶ್ನೆಗೆ ಮಾತ್ರ ಅವು ಉತ್ತರ ಕೊಡುತ್ತವೆ. ವಿದ್ಯಾರ್ಥಿಯು ಗಂಡೋ ಹೆಣ್ಣೋ, ಯಾವ ವರ್ಗದವನು, ಯಾವ ಪದವಿಗೆ ಓದುತ್ತಾನೆ ಎಂಬುದನ್ನು ಸರ್ಕಾರದ ತಖ್ತೆಗಳು ಹೇಳುತ್ತವೆ. ಅವನು ಎಲ್ಲಿ ಮಲಗುತ್ತಾನೆ, ಎಲ್ಲಿ ಉಣ್ಣುತ್ತಾನೆ, ಎಷ್ಟು ದೂರದಿಂದ ಬಂದು ಹೋಗುತ್ತಾನೆ, ಜುಲೈ ತಿಂಗಳಲ್ಲಿ ದಾಖಲಾದವನು ಜನವರಿಯಲ್ಲಿ ಎಲ್ಲಿ ಹೋದನು ಎಂಬುದನ್ನು ಆ ತಖ್ತೆಗಳನ್ನು ನೋಡಿ ತಿಳಿಯುವಂತಿಲ್ಲ. ಸೇರಿದವನನ್ನು ಎಣಿಸುವ ಗುಮಾಸ್ತನಿದ್ದಾನೆ. ಬಿಟ್ಟುಹೋದವನನ್ನು ಎಣಿಸುವ ಗುಮಾಸ್ತನಿಲ್ಲ.

ಹಳೆಯ ಕಾಲದವರು ಕಂಡುಕೊಂಡ ಸತ್ಯ

ವಿದ್ಯೆಗೂ ಬಿಡಾರಕ್ಕೂ ಇರುವ ಸಂಬಂಧವು ನಾವು ಇಂದು ಕಂಡುಹಿಡಿದದ್ದಲ್ಲ. ವಾರಾನ್ನವೆಂಬ ಮಾತನ್ನು ಕೇಳದ ಕನ್ನಡಿಗರು ಯಾರು? ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳ ಊಟದ ಮೇಲೆ ಓದಿ ಮುಂದೆ ಬಂದವರು ಹಿಂದಿನ ತಲೆಮಾರುಗಳಲ್ಲಿ ಅನೇಕರು. ಆದರೆ ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ಸಮನಾಗಿ ತೆರೆಯುತ್ತಿರಲಿಲ್ಲ. ಹೊಟ್ಟೆಯ ಹಸಿವಿಗೆ ಜಾತಿಯಿಲ್ಲದಿದ್ದರೂ ಬಡಿಸುವ ಕೈಗೆ ಜಾತಿಯಿದ್ದಿತು. ಈ ಕೊರತೆಯನ್ನು ಕಂಡು ಮರುಗಿದ ಮಹನೀಯರು ವಿದ್ಯಾರ್ಥಿ ನಿಲಯಗಳನ್ನು ಕಟ್ಟಲು ಹೊರಟರು.

ಅವರಲ್ಲಿ ಅಗ್ರಗಣ್ಯರಾದ ಒಬ್ಬರು ನಮ್ಮ ತಾಲ್ಲೂಕಿನವರೇ ಎಂಬುದನ್ನು ಸಿ. ಎಸ್. ಪುರದ ವಿದ್ಯಾರ್ಥಿಗಳು ಅಭಿಮಾನದಿಂದ ನೆನೆಯಬಹುದು. ಗುಬ್ಬಿಯಲ್ಲಿ 1838ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದ ತೋಟದಪ್ಪನವರು, ತಮ್ಮ ಗಳಿಕೆಯನ್ನು ರೈಲು ನಿಲ್ದಾಣದ ಸಮೀಪದ ಧರ್ಮಛತ್ರಕ್ಕೆ ಸುರಿದರು. 1903ರಲ್ಲಿ ಆ ಛತ್ರವು ತೆರೆಯಿತು. ಅದರ ಬೆನ್ನಿಗೇ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಏರ್ಪಟ್ಟಿತು. 1910ರಲ್ಲಿ ಅವರು ಕಾಲವಾದರು. ಪದವಿ ಪಡೆಯದ ಒಬ್ಬ ವರ್ತಕರು, ನಾಡಿಗೆ ಇನ್ನೂ ವಿಶ್ವವಿದ್ಯಾನಿಲಯವೇ ಇಲ್ಲದ ಕಾಲದಲ್ಲಿ, ವಿಶ್ವವಿದ್ಯಾನಿಲಯಕ್ಕಿಂತ ಮುಂಚೆ ವಿದ್ಯಾರ್ಥಿಗೆ ಬೇಕಾದದ್ದು ಏನೆಂಬುದನ್ನು ಅರಿತಿದ್ದರು! ಹಳ್ಳಿಯ ಹುಡುಗ ರೈಲಿನಿಂದಿಳಿದ ಕೂಡಲೇ ಕೇಳುವ ಮೊದಲ ಪ್ರಶ್ನೆ, ‘ಕಾಲೇಜು ಎಲ್ಲಿ?’ ಎಂಬುದಲ್ಲ, ‘ಇಂದು ರಾತ್ರಿ ಎಲ್ಲಿ?’ ಎಂಬುದು. ಆ ಪ್ರಶ್ನೆಗೆ ತೋಟದಪ್ಪನವರು ಕಲ್ಲುಗಾರೆಯಲ್ಲಿ ಉತ್ತರ ಬರೆದರು.

ಇನ್ನು ಸಿದ್ಧಗಂಗೆಯ ವಿಷಯವನ್ನು ತುಮಕೂರು ಜಿಲ್ಲೆಯವರಿಗೆ ಹೇಳಬೇಕಾದದ್ದೇ ಇಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದರು. ಪದವಿಯು ಕೈಗೆ ಬರಲಿಲ್ಲ. ಆದರೆ 1941ರಲ್ಲಿ ಮಠದ ಹೊಣೆ ಹೊತ್ತ ಮೇಲೆ, 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ, ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನು ಒಂದೇ ಮಾತಿನಂತೆ ನಡೆಸಿದರು. ಸಾವಿರ ಸಾವಿರ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡರು, ಇಂದಿಗೂ ಉಣ್ಣುತ್ತಿದ್ದಾರೆ. ಆ ಮೂರರಲ್ಲಿ ಅನ್ನವು ಮೊದಲು ಬಂದಿರುವುದು ಪ್ರಾಸಕ್ಕಾಗಿ ಅಲ್ಲ.

ಬಿಡಾರ ದೊರೆತವರು ಏನಾದರು ಎಂಬುದಕ್ಕೆ ನಮ್ಮ ವಿದ್ಯಾಪೀಠಗಳ ಚರಿತ್ರೆಯೇ ಸಾಕ್ಷಿ. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರಿಗೆ ವಿದ್ಯಾರ್ಥಿ ದೆಸೆಯ ಅನಾರೋಗ್ಯದ ಕಾಲದಲ್ಲಿ ಆಶ್ರಯ ಕೊಟ್ಟದ್ದು ಅಲ್ಲಿನ ರಾಮಕೃಷ್ಣಾಶ್ರಮ. ಅಲ್ಲಿದ್ದುಕೊಂಡು ಅವರು 1927ರಲ್ಲಿ ಆರಂಭವಾದ ಕನ್ನಡ ಎಂ. ಎ. ತರಗತಿಯ ಮೊದಲ ತಂಡದಲ್ಲಿ ಓದಿದರು. ಆ ತಂಡದಲ್ಲಿ ನಮ್ಮ ಚಿಕ್ಕನಾಯಕನಹಳ್ಳಿಯ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು. ಆಶ್ರಮದ ಕೋಣೆಯಲ್ಲಿ ಚೇತರಿಸಿಕೊಂಡ ಆ ವಿದ್ಯಾರ್ಥಿಯೇ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರದು ಇನ್ನೊಂದು ದೃಷ್ಟಾಂತ. 1935ರಲ್ಲಿ ಬಸ್ಸಿಗೆ ಕೊಡಲು ಹಣವಿಲ್ಲದೆ, ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದು ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. 1942ರ ಚಳವಳಿಯಲ್ಲಿ ಓದನ್ನು ನಿಲ್ಲಿಸಿ ಸೆರೆಮನೆಗೆ ಹೋದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಕೊನೆಯವರೆಗೂ ಅವರ ಮನೆಯೆಂದರೆ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆ. ಶ್ರೀರಾಂಪುರದ ಗೋಪಾಲಸ್ವಾಮಿ ಅಯ್ಯರ್ ವಿದ್ಯಾರ್ಥಿ ನಿಲಯದಲ್ಲಿ ಬೆಳೆದ ಸಿದ್ಧಲಿಂಗಯ್ಯನವರು ಕನ್ನಡ ಕಾವ್ಯಕ್ಕೆ ಹೊಸ ದನಿಯನ್ನು ತಂದು, ಮುಂದೆ ಜ್ಞಾನಭಾರತಿಯಲ್ಲಿಯೇ ಪ್ರಾಧ್ಯಾಪಕರಾದದ್ದನ್ನು ಅವರ ಆತ್ಮಕಥೆಯಾದ ‘ಊರು ಕೇರಿ’ಯನ್ನು ಓದಿದವರು ಬಲ್ಲರು. ಈ ಮಹನೀಯರೆಲ್ಲ ಪ್ರತಿಭೆಯಿಂದ ಮೇಲೆ ಬಂದರೆಂಬುದು ನಿಜ. ಆದರೆ ಇವರಷ್ಟೇ ಪ್ರತಿಭೆಯುಳ್ಳವರು, ಒಂದು ಕೋಣೆ ದೊರೆಯದೆ ಊರಿಗೆ ಹಿಂದಿರುಗಿದವರು ಎಷ್ಟು ಜನ? ಅವರ ಹೆಸರುಗಳು ನಮಗೆ ತಿಳಿಯುವ ಬಗೆಯೇ ಇಲ್ಲ. ನಷ್ಟವೆಂದರೆ ಅದು.

ಇಂದಿನ ಸ್ಥಿತಿ

ಇಂದಿನ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಸಿ. ಎಸ್. ಪುರ ಹೋಬಳಿಯ ಒಂದು ಹಳ್ಳಿ. ಒಂದೆರಡು ಎಕರೆ ರಾಗಿಯ ಹೊಲ, ಕೆಲವು ತೆಂಗಿನ ಮರಗಳು. ಮನೆಯ ನಗದು ಆದಾಯವೆಲ್ಲ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ದರ ಏರಿದರೆ ಏರುವುದು, ಇಳಿದರೆ ಇಳಿಯುವುದು. ಮಗಳು ಪದವಿಯಲ್ಲಿ ಚೆನ್ನಾಗಿ ಓದಿ ಜ್ಞಾನಭಾರತಿಯಲ್ಲಿ ಸ್ನಾತಕೋತ್ತರ ತರಗತಿಗೆ ಆಯ್ಕೆಯಾಗಿದ್ದಾಳೆ. ಪ್ರವೇಶದ ಪಟ್ಟಿ ಹೊರಬಿದ್ದಿತು, ಇಂತಿಷ್ಟು ದಿನದೊಳಗೆ ಶುಲ್ಕ ಕಟ್ಟಬೇಕು, ಕಟ್ಟಿದ್ದಾಯಿತು. ಹಾಸ್ಟೆಲಿನ ಪಟ್ಟಿ ಯಾವಾಗ? ಅದು ಬೇರೆ ಕಚೇರಿಯ ಕೆಲಸ, ಬೇರೆ ಅರ್ಜಿ, ಬೇರೆ ತಾರೀಖು. ತರಗತಿಗಳು ಮೊದಲಾಗಿವೆ; ಹಾಸ್ಟೆಲಿನ ಆಯ್ಕೆ ಮುಗಿದಿಲ್ಲ. ಈ ನಡುವಣ ವಾರಗಳಲ್ಲಿ ಆ ಹುಡುಗಿ ಎಲ್ಲಿರಬೇಕು? ಬಂಧುಗಳಿದ್ದರೆ ಅವರ ಮನೆ. ಇಲ್ಲದಿದ್ದರೆ ಖಾಸಗಿ ಪೇಯಿಂಗ್ ಗೆಸ್ಟ್ ಕೋಣೆ, ಅದಕ್ಕೆ ಮುಂಗಡ ಹಣ. ವರ್ಷದ ಕಾಲೇಜು ಶುಲ್ಕಕ್ಕಿಂತ ಕೆಲವೇ ತಿಂಗಳ ಬಾಡಿಗೆ ಹೆಚ್ಚಾಗುವ ನಗರವದು. ತಂದೆಯಾದವನು ಎರಡು ತಿಂಗಳು ನೋಡುತ್ತಾನೆ, ಮೂರನೆಯ ತಿಂಗಳು, ‘ಸಾಕು, ಬಂದುಬಿಡಮ್ಮ’ ಎನ್ನುತ್ತಾನೆ. ಅವನನ್ನು ದೂಷಿಸತಕ್ಕವರು ಯಾರು?

ಸರ್ಕಾರದವರು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ, ಹೇಳಿದರೆ ಅಸತ್ಯವಾದೀತು. ಹಾವನೂರರ ಆಯೋಗವು 1975ರಲ್ಲಿ ವರದಿ ಕೊಟ್ಟ ಕಾಲದಿಂದ ಈಚೆಗೆ ಹಿಂದುಳಿದ ವರ್ಗಗಳ ಮಕ್ಕಳಿಗೆ ತಾಲ್ಲೂಕು ತಾಲ್ಲೂಕಿನಲ್ಲಿ ಸರ್ಕಾರಿ ಹಾಸ್ಟೆಲುಗಳು ಎದ್ದಿವೆ. ಹಾಸ್ಟೆಲು ದೊರೆಯದವರ ಊಟ ವಸತಿಗಾಗಿ 2013-14ರಲ್ಲಿ ‘ವಿದ್ಯಾಸಿರಿ’ ಎಂಬ ಸಹಾಯಧನವು ಏರ್ಪಟ್ಟಿತು. 2023ರ ಜೂನ್ 11ರಿಂದ ಜಾರಿಗೆ ಬಂದ ‘ಶಕ್ತಿ’ ಯೋಜನೆಯು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತವಾಗಿಸಿ, ಹಳ್ಳಿಯ ಅನೇಕ ತಂದೆತಾಯಿಗಳ ಒಂದು ನೆವವನ್ನಾದರೂ ಇಲ್ಲವಾಗಿಸಿದೆ. ಇವೆಲ್ಲವೂ ಸ್ತುತ್ಯವೇ.

ಆದರೆ ಲೆಕ್ಕ ಹಾಕಿ ನೋಡೋಣ. ವಿದ್ಯಾಸಿರಿಯು ಆರಂಭದಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,500 ರೂಪಾಯಿ; ಅದು ಹತ್ತು ತಿಂಗಳಿಗೆ, ಅಂದರೆ ವರ್ಷಕ್ಕೆ 15,000. ದಿನಕ್ಕೆ ಹಂಚಿದರೆ 50 ರೂಪಾಯಿ. ಈ ಐವತ್ತರಲ್ಲಿ ಮೂರು ಹೊತ್ತಿನ ಊಟವೂ ತಲೆಯ ಮೇಲಿನ ಸೂರೂ ಸೇರಬೇಕು! ತಿಂಗಳಿಗೆ ಐನೂರು ಏರಿಸಿದರೂ ದಿನಕ್ಕೆ 67 ರೂಪಾಯಿಗೆ ಬರುತ್ತದೆ. ಗುಬ್ಬಿಯಲ್ಲಿ ಇದು ಅರೆಹೊಟ್ಟೆಗೆ ಸಾಕಾದೀತು. ಬೆಂಗಳೂರಿನಲ್ಲಿ ಬೆಳಗಿನ ತಿಂಡಿಯೊಂದಿಗೇ ಮುಗಿಯುತ್ತದೆ. ಊರು ಯಾವುದೇ ಆಗಲಿ ಮೊತ್ತವು ಒಂದೇ ಎಂಬುದು ಕಡತದಲ್ಲಿ ಸಮಾನತೆಯಂತೆ ಕಾಣುತ್ತದೆ, ಹೋಟೆಲಿನ ಗಲ್ಲದ ಮುಂದೆ ನಿಂತ ಹುಡುಗನಿಗೆ ಹಾಗೆ ಕಾಣುವುದಿಲ್ಲ.

ಬಿಡಾರವೊಂದೇ ಅಲ್ಲ, ಓದಿನ ನಿಯಮಗಳೂ ಈಚಿನ ವರ್ಷಗಳಲ್ಲಿ ನೆಲೆಯಾಗಿ ನಿಂತಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ ನಾಲ್ಕು ವರ್ಷಗಳ ಪದವಿಯ ಕ್ರಮವು ಬಂದಿತು. 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಹಿಂದಿರುಗಲು ಆಜ್ಞೆಯಾಯಿತು. ನೀತಿಗಳ ಗುಣದೋಷಗಳನ್ನು ಪಂಡಿತರು ವಿಚಾರಿಸಲಿ. ನಾವು ಹೇಳುವುದು ಇಷ್ಟೇ: ಮೂರು ವರ್ಷದ ಖರ್ಚಿಗೆಂದು ಸಾಲ ಎತ್ತಿದ ಮನೆಗೆ ನಾಲ್ಕನೆಯ ವರ್ಷವೆಂಬುದು ಪಠ್ಯಕ್ರಮದ ಮಾತಲ್ಲ, ಇನ್ನೊಂದು ಸಾಲದ ಮಾತು. ಪರೀಕ್ಷೆಯು ಒಂದು ತಿಂಗಳು ಮುಂದೆ ಹೋದರೆ ಬಾಡಿಗೆಯೂ ಒಂದು ತಿಂಗಳು ಬೆಳೆಯುತ್ತದೆ. ಅಂಕಪಟ್ಟಿಯು ತಡವಾದರೆ ಉದ್ಯೋಗದ ಅರ್ಜಿಯ ತಾರೀಖು ಅದಕ್ಕಾಗಿ ಕಾಯುವುದಿಲ್ಲ. ನಗರದ ಹುಡುಗನಿಗೆ ಬೇಸರವಾಗುವ ವಿಳಂಬವು ಹಳ್ಳಿಯ ಹುಡುಗನಿಗೆ ವಿದ್ಯಾಭಂಗವಾಗುತ್ತದೆ.

ಪಾಠ ಹೇಳುವವರ ಸ್ಥಿತಿಯೂ ಇದಕ್ಕೆ ಭಿನ್ನವಲ್ಲ. ನಾಡಿನ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಮೇಲ್ಪಟ್ಟ ಅತಿಥಿ ಉಪನ್ಯಾಸಕರ ಮೇಲೆ ನಿಂತಿದ್ದವು. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ತರಗತಿಗಳನ್ನು ಬಿಟ್ಟು ಮುಷ್ಕರ ಹೂಡಿ, 2024ರ ಹೊಸ ವರ್ಷದ ದಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ನರಸಿಂಹಯ್ಯನವರು ವಿದ್ಯೆಗಾಗಿ ರಾಜಧಾನಿಗೆ ನಡೆದುಹೋದರು. ಎಂಬತ್ತೆಂಟು ವರ್ಷಗಳಾದ ಮೇಲೆ ವಿದ್ಯೆ ಕೊಡುವವರು ಅನ್ನಕ್ಕಾಗಿ ಅದೇ ರಾಜಧಾನಿಗೆ ನಡೆದುಹೋದರು. ಇದಕ್ಕೆ ನಾವು ಬೇರೆ ಷರಾ ಬರೆಯಬೇಕಾಗಿಲ್ಲ.

ಆವರಣದೊಳಗಾದರೂ ನೆಮ್ಮದಿಯುಂಟೋ? ಸಾವಿರದ ನೂರು ಎಕರೆಯ ಜ್ಞಾನಭಾರತಿಯ ನಡುವೆ ಹಾದುಹೋಗುವ ರಸ್ತೆಗಳನ್ನು ಬೆಳೆದ ನಗರವು ತನ್ನ ಹಾದಿಯಾಗಿ ಮಾಡಿಕೊಂಡಿತು. 2022ರ ಅಕ್ಟೋಬರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಆವರಣದೊಳಗೇ ನಗರ ಸಾರಿಗೆಯ ಬಸ್ಸಿಗೆ ಸಿಲುಕಿ, ತೀವ್ರವಾಗಿ ಗಾಯಗೊಂಡು, ಅನಂತರ ಮೃತಳಾದಳು. ಹೊರಗಿನ ವಾಹನಗಳನ್ನು ತಡೆಯಿರೆಂದು ವಿದ್ಯಾರ್ಥಿಗಳು ರಸ್ತೆಯಲ್ಲಿ ಕುಳಿತರು. ಹೇಳಿಕೊಳ್ಳಲು ಅವರಿಗೆ ಬೇರೆ ಸ್ಥಳವಾದರೂ ಎಲ್ಲಿದ್ದಿತು? 1989ರ ಸುಮಾರಿಗೆ ನಿಂತುಹೋದ ವಿದ್ಯಾರ್ಥಿ ಸಂಘಗಳ ಚುನಾವಣೆಯು ಆಗ ಇನ್ನೂ ಮರಳಿ ಬಂದಿರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರು ಸಂಸ್ಥಾನವೆಲ್ಲ ಎದ್ದಾಗ, ಶಾಲಾ ಕಾಲೇಜುಗಳಿಂದ ಹೊರಬಂದವರು ಈ ವಿದ್ಯಾರ್ಥಿಗಳೇ. ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಮೈಸೂರಿನಲ್ಲಿ ಗುಂಡಿಗೆ ಬಲಿಯಾದನು; ಅಲ್ಲಿನ ಒಂದು ವೃತ್ತವು ಇಂದಿಗೂ ಆತನ ಹೆಸರನ್ನು ಹೊತ್ತಿದೆ. ನಾಡಿಗೆ ಪ್ರಜಾಸರ್ಕಾರವನ್ನು ತರಲು ವಿದ್ಯಾರ್ಥಿಯ ಧ್ವನಿ ಬೇಕಾಯಿತು. ತನ್ನ ಹಾಸ್ಟೆಲಿನ ಅನ್ನದ ವಿಷಯದಲ್ಲಿ ಮಾತ್ರ ಅವನು ಮೌನವಾಗಿರಬೇಕೆ?

ಎರಡು ಆಕ್ಷೇಪಗಳು

ಇಲ್ಲಿ ಕೆಲವು ಸಜ್ಜನರು ಒಂದು ಆಕ್ಷೇಪವನ್ನು ಎತ್ತುವರು. ‘ವಿಶ್ವವಿದ್ಯಾನಿಲಯದ ಕೆಲಸ ಪಾಠ ಹೇಳುವುದು, ಪರೀಕ್ಷೆ ಮಾಡುವುದು, ಛತ್ರ ನಡೆಸುವುದಲ್ಲ. ಬಡವರ ಊಟದ ಹೊಣೆ ಸಮಾಜ ಕಲ್ಯಾಣದ ಇಲಾಖೆಯದು’ ಎಂಬುದು ಅವರ ವಾದ. ಈ ವಾದವು ಕಚೇರಿಗಳ ನಡುವೆ ಕೆಲಸ ಹಂಚಲು ಸರಿ, ಮನುಷ್ಯನನ್ನು ಹಂಚಲು ಸರಿಯಲ್ಲ. ಪಾಠ ಕೇಳುವ ತಲೆ ಒಂದು ಇಲಾಖೆಗೂ ಹಸಿಯುವ ಹೊಟ್ಟೆ ಇನ್ನೊಂದು ಇಲಾಖೆಗೂ ಸೇರಿದ್ದರೂ, ಅವೆರಡೂ ಇರುವುದು ಒಂದೇ ಶರೀರದಲ್ಲಿ. ವಿದ್ಯಾರ್ಥಿಯು ಉಳಿದರೆ ಮಾತ್ರ ಪಾಠ. ಅವನೇ ಹೊರಟುಹೋದ ಮೇಲೆ ಪಾಠವನ್ನು ಯಾರಿಗೆ ಹೇಳುವುದು?

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವಾದದ್ದು. ‘ವಿದ್ಯಾರ್ಥಿಯನ್ನು ನಗರಕ್ಕೆ ಕರೆಸುವ ಬದಲು ವಿಶ್ವವಿದ್ಯಾನಿಲಯವನ್ನೇ ಜಿಲ್ಲೆಗೆ ತಂದರಾಯಿತಲ್ಲ! ತುಮಕೂರಿನದು ಅದಕ್ಕಾಗಿಯೇ ಹುಟ್ಟಿತಲ್ಲವೆ?’ ಇದು ನಿಜ. ಆ ವಿಶ್ವವಿದ್ಯಾನಿಲಯದಿಂದ ನಮ್ಮ ಹೋಬಳಿಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಬಹಳ ಉಪಕಾರವಾಗಿದೆ. ಆದರೆ ಹತ್ತಿರವೆಂಬುದು ಭೂಪಟದ ಮೇಲಿನ ಮಾತು. ಸಿ. ಎಸ್. ಪುರದ ಒಳಹಳ್ಳಿಯ ಹುಡುಗನಿಗೆ ಊರಿನಿಂದ ಹೋಬಳಿಗೆ, ಅಲ್ಲಿಂದ ಗುಬ್ಬಿಗೆ, ಅಲ್ಲಿಂದ ತುಮಕೂರಿಗೆ ಬಸ್ಸು ಬದಲಿಸುತ್ತ ಹೋಗಿಬರುವಷ್ಟರಲ್ಲಿ ಹಗಲಿನ ದೊಡ್ಡ ಭಾಗ ಕಳೆದಿರುತ್ತದೆ. ಅವನ ವೇಳಾಪಟ್ಟಿಯನ್ನು ಬರೆಯುವವರು ಪ್ರಾಂಶುಪಾಲರಲ್ಲ, ಬಸ್ಸಿನ ಡಿಪೋದವರು. ಸಂಜೆಯ ಕೊನೆಯ ಬಸ್ಸು ತಪ್ಪದಿರಲೆಂದು ಕೊನೆಯ ತರಗತಿಯನ್ನೂ ಗ್ರಂಥಾಲಯವನ್ನೂ ಬಿಟ್ಟು ಓಡುವವನು ಹೆಸರಿಗೆ ವಿದ್ಯಾರ್ಥಿ, ನಿಜದಲ್ಲಿ ಪ್ರಯಾಣಿಕ. ಅಲ್ಲದೆ, ಹಣದ ಏರ್ಪಾಡಿಲ್ಲದೆ ಜಿಲ್ಲೆಗೊಂದರಂತೆ ತೆರೆಯುವುದರ ಫಲವನ್ನೂ ನಾವು ಕಂಡೆವು. 2022-23ರ ಸುಮಾರಿಗೆ ತೆರೆದ ಹೊಸ ವಿಶ್ವವಿದ್ಯಾನಿಲಯಗಳ ಪೈಕಿ ಒಂಬತ್ತನ್ನು ನಡೆಸುವುದು ಕಷ್ಟವೆಂದು 2025ರ ಫೆಬ್ರವರಿಯಲ್ಲಿ ಮಂತ್ರಿಮಂಡಲದ ಉಪಸಮಿತಿಯೇ ಅಭಿಪ್ರಾಯಪಟ್ಟಿತು. ಫಲಕ ತೂಗಹಾಕುವುದು ಸುಲಭ. ಅದರ ಕೆಳಗೆ ದೀಪ ಉರಿಸುವುದು ಕಷ್ಟ. ಆದುದರಿಂದ ವಿಶ್ವವಿದ್ಯಾನಿಲಯವು ರಾಜಧಾನಿಯಲ್ಲಿರಲಿ, ಜಿಲ್ಲೆಯಲ್ಲಿರಲಿ, ಬಿಡಾರದ ಪ್ರಶ್ನೆ ತಪ್ಪುವುದಿಲ್ಲ.

ಆಗಬೇಕಾದುದು

ದೋಷವನ್ನು ತೋರಿಸಿ ಸುಮ್ಮನಾಗುವುದು ಪತ್ರಿಕೆಯ ಧರ್ಮವಲ್ಲ. ನಮಗೆ ತೋರುವ ನಾಲ್ಕು ಮಾತುಗಳನ್ನು ಸೂಚಿಸುತ್ತೇವೆ. ಇವುಗಳಲ್ಲಿ ಯಾವುದೂ ಖಜಾನೆಯನ್ನು ಬರಿದು ಮಾಡತಕ್ಕದ್ದಲ್ಲ.

ಮೊದಲನೆಯದು, ಪ್ರತಿಯೊಂದು ಸಾರ್ವಜನಿಕ ವಿಶ್ವವಿದ್ಯಾನಿಲಯವೂ ವರ್ಷಕ್ಕೊಮ್ಮೆ ಒಂದು ತಖ್ತೆಯನ್ನು ಪ್ರಕಟಿಸಲಿ. ಎಷ್ಟು ಮಂದಿ ಸೇರಿದರು, ಅವರಲ್ಲಿ ಯಾವ ತಾಲ್ಲೂಕಿನವರು ಎಷ್ಟು, ಹಾಸ್ಟೆಲು ಕೇಳಿದವರೆಷ್ಟು, ದೊರೆತವರೆಷ್ಟು, ವರ್ಷದ ನಡುವೆ ಬಿಟ್ಟುಹೋದವರೆಷ್ಟು, ಏಕೆ ಬಿಟ್ಟರು. ಪ್ರವೇಶದ ಅರ್ಜಿಗಳೆಲ್ಲ ಈಗ ಕಂಪ್ಯೂಟರಿನ ಮೂಲಕವೇ ಬರುತ್ತಿರುವಾಗ ಇದು ಒಂದು ವಾರದ ಕೆಲಸ. ರೋಗವನ್ನು ಅಳೆಯದೆ ಔಷಧ ಕೊಡಲಾಗದು. ಬಿಟ್ಟುಹೋದವರ ಪಟ್ಟಿಯು ಉಪಕುಲಪತಿಗಳ ಮೇಜಿನ ಮೇಲೆ ವರ್ಷಕ್ಕೊಮ್ಮೆ ಬಂದು ಕುಳಿತರೆ, ಮಿಕ್ಕ ಕೆಲಸವನ್ನು ಅವರ ಅಂತಃಕರಣವೇ ಮಾಡಿಸೀತೆಂಬ ನಂಬಿಕೆ ನಮಗಿದೆ.

ಎರಡನೆಯದು, ಪ್ರವೇಶದ ಆಜ್ಞೆಯೂ ಹಾಸ್ಟೆಲಿನ ಆಜ್ಞೆಯೂ ಒಂದೇ ದಿನ ಹೊರಡಲಿ. ಹಾಸ್ಟೆಲಿನಲ್ಲಿ ಸ್ಥಳವಿಲ್ಲದಿದ್ದರೆ ‘ಇಲ್ಲ’ ಎಂದಾದರೂ ಆ ದಿನವೇ ತಿಳಿಯಲಿ. ಇಲಾಖೆಗಳು ಎರಡಾದರೂ ತಾರೀಖು ಒಂದಾಗುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಇಬ್ಬರು ಅಧಿಕಾರಿಗಳು ಒಂದು ಮೇಜಿನ ಮುಂದೆ ಕುಳಿತರೆ ಸಾಕು.

ಮೂರನೆಯದು, ಊಟ ವಸತಿಯ ಸಹಾಯಧನವು ಊರಿನ ಬಾಡಿಗೆಯನ್ನು ನೋಡಿ ನಿರ್ಧಾರವಾಗಲಿ. ಸರ್ಕಾರಿ ನೌಕರರಿಗೆ ಮನೆ ಬಾಡಿಗೆಯ ಭತ್ಯವನ್ನು ಕೊಡುವಾಗ ದೊಡ್ಡ ನಗರಕ್ಕೆ ಒಂದು ದರ, ಸಣ್ಣ ಊರಿಗೆ ಇನ್ನೊಂದು ದರವೆಂಬ ಪದ್ಧತಿಯುಂಟು. ಈ ಲೇಖನವನ್ನು ಓದುವ ಅಧಿಕಾರಿ ಮಹಾಶಯರಿಗೆ ಇದು ಸ್ವಾನುಭವದಿಂದಲೇ ತಿಳಿದ ಮಾತು. ಗುಮಾಸ್ತನಿಗೆ ಒಪ್ಪಿದ ನ್ಯಾಯವು ವಿದ್ಯಾರ್ಥಿಗೆ ಏಕೆ ಒಪ್ಪಬಾರದು?

ನಾಲ್ಕನೆಯದು ಸರ್ಕಾರಕ್ಕೆ ಸಂ‌ಬಂಧಿಸಿದ್ದಲ್ಲ, ನಮಗೆ ಸಂಬಂಧಿಸಿದ್ದು. ಗುಬ್ಬಿ, ಕುಣಿಗಲು, ತುಮಕೂರುಗಳಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿ, ವ್ಯಾಪಾರದಲ್ಲಿಯೋ ಉದ್ಯೋಗದಲ್ಲಿಯೋ ಚೆನ್ನಾಗಿರುವವರು ಸಾವಿರಾರು ಮಂದಿ ಇದ್ದಾರೆ. ಊರ ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇವರು ಉದಾರವಾಗಿ ಕೊಡುತ್ತಾರೆ; ಕೊಡಲಿ. ಅದರೊಂದಿಗೆ, ತಾಲ್ಲೂಕಿನ ಹೆಸರಿನಲ್ಲಿ ನಗರದಲ್ಲಿ ಹತ್ತು ಕೋಣೆಗಳ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಯಾವ ಜಾತಿಯೆಂದು ಕೇಳದೆ, ಪ್ರವೇಶ ದೊರೆತು ಹಾಸ್ಟೆಲು ದೊರೆಯದ ಮಕ್ಕಳಿಗೆ ಮೊದಲ ಮೂರು ತಿಂಗಳು ಆಶ್ರಯ ಕೊಟ್ಟರೆ, ಬಿಟ್ಟುಹೋಗುವವರಲ್ಲಿ ಬಹುಮಂದಿ ಉಳಿದಾರು. ಒಂದೊಂದು ಜನಾಂಗದವರು ತಮ್ಮ ತಮ್ಮ ಹುಡುಗರಿಗಾಗಿ ನಿಲಯಗಳನ್ನು ಕಟ್ಟಿದ್ದು ಒಂದು ಕಾಲಕ್ಕೆ ದೊಡ್ಡ ಕೆಲಸವೇ ಆಗಿದ್ದಿತು. ಒಕ್ಕಲಿಗರ ಸಂಘವು 1906ರಲ್ಲಿ ಹುಟ್ಟಿದಾಗಿನಿಂದ ಅಂಥ ಸಂಘಗಳು ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೆಸರು ಹೇಳಿಕೊಳ್ಳುವಷ್ಟು ಸಂಖ್ಯೆಯೂ ಹಣವೂ ಇಲ್ಲದ ಸಣ್ಣ ಜನಾಂಗಗಳ ಹುಡುಗನು ಯಾವ ಬಾಗಿಲನ್ನು ತಟ್ಟಬೇಕು? ಇನ್ನು ಮುಂದಿನ ನಿಲಯಗಳು ಊರಿನ ಹೆಸರಿನಲ್ಲಿ ಏಳಲಿ ಎಂಬುದು ನಮ್ಮ ಬಿನ್ನಹ.

ಸಿ. ಎಸ್. ಪುರದ ಬಸ್ಸು ನಿಲ್ದಾಣದಲ್ಲಿ ಜೂನ್ ತಿಂಗಳಲ್ಲಿ ಚೀಲ ಹಿಡಿದು ಹೊರಟ ಮಕ್ಕಳನ್ನು ಎಲ್ಲರೂ ನೋಡುತ್ತಾರೆ, ಹರಸುತ್ತಾರೆ. ಅದೇ ನಿಲ್ದಾಣದಲ್ಲಿ, ಕಾರ್ತಿಕದ ಒಂದು ಸಂಜೆ, ಅದೇ ಚೀಲದೊಂದಿಗೆ ಇಳಿದು, ಯಾರ ಕಣ್ಣಿಗೂ ಬೀಳದಂತೆ ಮನೆಯ ಕಡೆಗೆ ನಡೆಯುವವನನ್ನು ಯಾರೂ ನೋಡುವುದಿಲ್ಲ. ಕೇಳಿದರೆ, ‘ಓದು ಹತ್ತಲಿಲ್ಲ’ ಎಂದು ಅವನೇ ಹೇಳಿಬಿಡುತ್ತಾನೆ. ಅವನಿಗೆ ಹತ್ತದೆ ಹೋದದ್ದು ಓದಲ್ಲ, ಬಾಡಿಗೆ. ಆದರೂ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಬರುತ್ತಾನೆ. ನಾವೂ ಅದನ್ನು ನಂಬಿ ಸುಮ್ಮನಿರುತ್ತೇವೆ. ವಿಶ್ವವಿದ್ಯಾನಿಲಯದ ವರದಿಯಲ್ಲಿ ಅವನು ಸೇರಿದ ಅಂಕಿ ಅಚ್ಚಾಗಿರುತ್ತದೆ. ಅವನನ್ನು ಆ ಅಂಕಿಯೊಳಗೇ ಉಳಿಸಿಕೊಳ್ಳುವುದು ಸರ್ಕಾರದ, ವಿದ್ಯಾಪೀಠದ ಮತ್ತು ನಮ್ಮೆಲ್ಲರ ಕರ್ತವ್ಯ. ನೂರಿಪ್ಪತ್ತು ವರ್ಷಗಳ ಹಿಂದೆ ಗುಬ್ಬಿಯ ಒಬ್ಬ ವರ್ತಕರು ಒಬ್ಬರೇ ಹೊತ್ತ ಭಾರವು, ಈ ಕಾಲದ ಒಂದು ಇಡೀ ತಾಲ್ಲೂಕಿಗೆ ಹೊರಲಾರದಷ್ಟು ಭಾರವಾದೀತೆಂದು ನಾವು ಎಣಿಸುವುದಿಲ್ಲ.